ಗಂಟಿನೊಳಗಿನ ರೂಪಾಯಿ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ವಾಚ್ ರಿಪೇರಿಯವರು ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಯಾರಾದರೂ ಅಂಥದ್ದು ತಂದರೆ, "ತಿಕ್ಬ್ಯಾಡಿ, ಹಂಗೇ ಕೊಡಿ" ಎಂದು ಅಂಚನ್ನು ಹೆಬ್ಬೆರಳಲ್ಲಿ ಸವರಿ ಬೆಲೆ ಹೇಳುತ್ತಿದ್ದರು.

ಮಗಳಿಗೆ ಜ್ವರ ಏರಿದಾಗ ಅವರ ಹೆಂಡತಿ ಗಾಬರಿಯಲ್ಲಿ ಕೈಗೆ ಸಿಕ್ಕಿದ ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಮಾಲೇಕಲ್ಲು ತಿಮ್ಮಪ್ಪನಿಗೆ ಮುಡಿಪಿಟ್ಟರು. ಆಮೇಲೆ ನೋಡಿದರೆ, ಅಚ್ಚು ಪಕ್ಕಕ್ಕೆ ಸರಿದಿದ್ದ ಅಪರೂಪದ ರೂಪಾಯಿ ಡಬ್ಬಿಯಲ್ಲಿರಲಿಲ್ಲ. ಗಂಟು ಬಿಚ್ಚಿದರೆ ಮಗುವಿಗೆ ಏನಾದೀತೋ ಎಂದು ವಾಚ್ ರಿಪೇರಿಯವರು ಅದನ್ನು ಮುಟ್ಟಲೂ ಇಲ್ಲ.

ಜ್ವರ ಬಿಟ್ಟ ಮೇಲೆ ಮಗಳನ್ನು ಎತ್ತಿಕೊಂಡು ಬೆಟ್ಟ ಹತ್ತಿದರು; ನಾನೂ ಹೋಗಿದ್ದೆ. ಹುಂಡಿಯ ಮುಂದೆ ಅವರ ಹೆಬ್ಬೆರಳು ಬಟ್ಟೆಯ ಮೇಲಿನಿಂದಲೇ ಅಂಚನ್ನು ಸವರಿ ತಟ್ಟನೆ ನಿಂತಿತು.

"ಅದೇನಾ? ಬದಲಿಗೆ ಬೇರೆ ಹಾಕಬಹುದಲ್ಲ?" ಎಂದೆ.

"ಹಂಗೇ ಕೊಡ್ಬೇಕು ಕಣ್ರೀ" ಎಂದರು.

ನಾಣ್ಯ ಬಿದ್ದ ಸದ್ದು ಕೇಳುವ ಮೊದಲೇ ಅವರ ಕೈ ಮಗಳ ಹಣೆ ಮುಟ್ಟಿ ನೋಡುತ್ತಿತ್ತು.