ನಾನು ಊದದ ಎಂಟು ಆವರ್ತ

ದೆವ್ವ, ಗಾಳಿ, ಅಪಶಕುನ ಇವುಗಳ ಮಾತು ಶುರುವಾದರೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವ ಜಾತಿಯವನು ನಾನು. ಹಾಗೆ ಎದ್ದು ಹೋಗಿ ಹೋಗಿ ನೆಂಟರಲ್ಲಿ ಒರಟ ಎಂಬ ಹೆಸರನ್ನೂ ಸಂಪಾದಿಸಿದ್ದೇನೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ಓದುತ್ತಾ ಓದುತ್ತಾ ನೀವು ಎದ್ದು ಕಾಫಿಗೆ ಹೋದರೆ ನನಗೆ ಖಂಡಿತ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಹೋಗುತ್ತಿದ್ದೆ.

ನಾನು ಫ್ರೆಂಚ್ ಹಾರ್ನ್ ಊದುವವನು. ಹೀಗೆಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಹಿತ್ತಾಳೆಯ ಕೊಳವೆಯನ್ನು ಬಸವನಹುಳುವಿನ ಹಾಗೆ ಸುತ್ತಿಟ್ಟ, ಬಾಯಿ ಅಗಲವಾಗಿರುವ ವಾದ್ಯ ಅದು. ಮೈಸೂರಿನಲ್ಲಿ ಬ್ಯಾಂಡಿನವರಾಗಿದ್ದ ನನ್ನ ತಂದೆಯಿಂದ ಕಲಿತೆ. ಆಮೇಲೆ ವಿಶಾಖಪಟ್ಟಣದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಪೆಂಡುರ್ತಿಯ ಹುಡುಗಿಯೊಂದಿಗೆ ಮದುವೆಯೂ ಆಯಿತು. ಸರಳಳ ಮನೆಯವರು ನಾಲ್ಕು ತಲೆಮಾರಿನ ಹಿಂದೆ ಬಂದ ಕನ್ನಡದವರು. ಅವಳ ಕನ್ನಡದಲ್ಲಿ ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ಹಾರ್ನ್ ಊದಿದರೆ ಒಳಗೆ ಉಸಿರಿನ ತೇವ ನೀರಾಗಿ ನಿಲ್ಲುತ್ತದೆ, ಅದನ್ನು ಆಗಾಗ ಚೆಲ್ಲಬೇಕು. ನಮ್ಮ ದಾಂಪತ್ಯದ ಮುಕ್ಕಾಲು ಜಗಳ ಆ ನೀರಿನದೇ.

ನಮ್ಮದು ಐದು ಜನರ ತಂಡ. ಕೊಳಲು, ಕ್ಲಾರಿನೆಟ್, ಓಬೋ, ಬಸೂನ್ ಮತ್ತು ನನ್ನ ಹಾರ್ನ್. ಓಬೋ ಎಂದರೆ ನಾದಸ್ವರದ ದೂರದ ನೆಂಟ. ಬಸೂನ್ ಎಂದರೆ ಆಳೆತ್ತರದ ಮರದ ಕೊಳವೆ. ತಂಡ ಕಟ್ಟಿದವರು ಓಬೋ ಊದುವ ಅಪ್ಪಾರಾವ್. ಭೀಮುನಿಪಟ್ಟಣದ ಅವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅಭ್ಯಾಸ. ಅವರ ತಾಯಿ ಬಳ್ಳಾರಿ ಕಡೆಯವರಾದ್ದರಿಂದ ನನ್ನ ಹತ್ತಿರ ಕನ್ನಡದಲ್ಲೇ ಬಯ್ಯುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ, ಯಾವಾಗಲೂ ತೆಲುಗಿನ ಮರ್ಯಾದೆ ಸೇರಿಸಿ 'ಮೈಸೂರುಗಾರು'. ತಂಡಕ್ಕೆ ಕಾರ್ಯಕ್ರಮಗಳು ಹೆಚ್ಚಾದಾಗ ನಾನು ಕಾರ್ಖಾನೆಯ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದೆ. ಅದು ಧೈರ್ಯವೋ ಹುಚ್ಚೋ ಎಂದು ಸರಳ ಇನ್ನೂ ತೀರ್ಮಾನಿಸಿಲ್ಲ.

ಅಪ್ಪಾರಾವ್ ತಾವೇ ಬರೆದ ಒಂದು ರಚನೆಯಿತ್ತು. ಮೋಹನ ರಾಗದ ಛಾಯೆಯದು. ಬಹುಭಾಗ ಉಳಿದ ನಾಲ್ವರೇ ನುಡಿಸುತ್ತಾರೆ, ಹಾರ್ನಿನವನು ಹಾರ್ನನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರಬೇಕು. ಕೊನೆಯಲ್ಲಿ ನಾಲ್ವರೂ ಮೆಲ್ಲಗೆ ಒಂದೊಂದು ಸ್ವರ ಹಿಡಿದು ನಿಲ್ಲುತ್ತಾರೆ. ಅದರ ಮೇಲೆ ಹಾರ್ನ್ ಮಾತ್ರ ತಾಳದ ಎಂಟು ಆವರ್ತ ಹಾಡಿ ಮುಗಿಸಬೇಕು. ಹೆಚ್ಚೆಂದರೆ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ, ಐದನೆಯ ಆವರ್ತದಲ್ಲಿ, ಒಂದು ಮೇಲಿನ ಸ್ವರ ಬರುತ್ತದೆ. ನನ್ನ ಪ್ರಾಣ ಹಿಂಡುತ್ತಿದ್ದದ್ದು ಅದೇ. ಹತ್ತರಲ್ಲಿ ಏಳು ಸಲ ಅದು ಒಡೆದು, ಕರುವನ್ನು ಕಳೆದುಕೊಂಡ ಎಮ್ಮೆ ಕೂಗಿದಂತೆ ಕೇಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ವಿಜಯವಾಡದ ಒಂದು ಸಂಗೀತೋತ್ಸವಕ್ಕೆ ನಮ್ಮನ್ನು ಕರೆದರು. ಹಲವು ತಂಡಗಳು, ನಮಗೆ ಇಪ್ಪತ್ತು ನಿಮಿಷ. ಈ ರಚನೆಯನ್ನೇ ನುಡಿಸುವುದೆಂದಾಯಿತು. ಹೊರಡುವ ಹಿಂದಿನ ದಿನ ಅಭ್ಯಾಸದಲ್ಲಿ ಸ್ವರ ಮತ್ತೆ ಒಡೆಯಿತು. ಅಪ್ಪಾರಾವ್ ಬಯ್ಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ನೋಡ್ರಿ ಮೈಸೂರುಗಾರು, ಹೈದರಾಬಾದಿನಾಗೆ ಒಬ್ಬ ಹಾರ್ನಿನವ ಇದ್ದಾನ. ಬರ್ತೀನಿ ಅಂತಿದ್ದಾನ. ನಾಳೆ ಸ್ವರ ನಿಂತ್ರೆ ಕುರ್ಚಿ ನಿಮ್ದೇ. ಒಡೀತು ಅಂದ್ರೆ ನಾನು ಅವನ್ನ ಕರೀಬೇಕಾಗ್ತದಂಡಿ. ತಪ್ಪು ತಿಳೀಬ್ಯಾಡ್ರಿ."

ತಪ್ಪು ತಿಳಿಯುವುದಕ್ಕೇನಿತ್ತು? ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಇದ್ದ ಕೆಲಸ ಬಿಟ್ಟು, ಐವತ್ತರ ಹೊಸ್ತಿಲಲ್ಲಿ, ಈ ಕುರ್ಚಿಯೂ ಹೋದರೆ ನಾನು ಯಾರು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ಹಾರ್ನಿಗೆ ಬಾಯಿಡುವ ತುದಿಯಲ್ಲಿ ಮೌತ್‌ಪೀಸ್ ಎಂಬ ಹೆಬ್ಬೆರಳಿನಷ್ಟು ಉದ್ದದ ಲೋಹದ ಬಟ್ಟಲು ಇರುತ್ತದೆ. ಅದಿಲ್ಲದಿದ್ದರೆ ಹಾರ್ನ್ ಬರೀ ಪಾತ್ರೆ ಸಾಮಾನು. ಎ.ಸಿ. ಸಭಾಂಗಣದಲ್ಲಿ ಅದು ತಣ್ಣಗಾದರೆ ತುಟಿ ಮರಗಟ್ಟುತ್ತದೆ ಎಂದು ನಾನು ಅದನ್ನು ಕಳಚಿ ಜೇಬಿನಲ್ಲಿ ಮೈಗೆ ತಾಗಿಸಿ ಬೆಚ್ಚಗಿಟ್ಟುಕೊಂಡು, ಊದುವ ಹೊತ್ತಿಗೆ ಸರಿಯಾಗಿ ಸಿಕ್ಕಿಸುತ್ತೇನೆ. ರೈಲಿನಲ್ಲಂತೂ ಬರೀ ಮೌತ್‌ಪೀಸನ್ನೇ ಬಾಯಿಗಿಟ್ಟು ಪುರ್‍ರ್ ಪುರ್‍ರ್ ಎಂದು ತಾಲೀಮು ಮಾಡುತ್ತೇನೆ. ಅಂದೂ ಮಾಡಿದೆ. ಅನಕಾಪಲ್ಲಿ ದಾಟುವ ಹೊತ್ತಿಗೆ ಎದುರು ಸೀಟಿನವರು ಬೇರೆ ಕಡೆ ಹೋಗಿ ಕೂತರು.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಲಾಡ್ಜು, ಅಲ್ಲಿಂದ ಹತ್ತು ಹೆಜ್ಜೆಗೆ ಸಭಾಂಗಣ. "ವೇದಿಕೆ ಮ್ಯಾಲೆ ಶ್ರುತಿ ಮಾಡೋದು ಅಂದ್ರೆ ಬೀದಿಯಾಗೆ ನಿಂತು ಹಲ್ಲುಜ್ಜಿದಂಗೆ" ಎಂಬುದು ಅಪ್ಪಾರಾವ್ ಸಿದ್ಧಾಂತ. ಹಾಗಾಗಿ ನಾಲ್ಕು ಗಂಟೆಗೆ ಲಾಡ್ಜಿನಲ್ಲೇ ಎಲ್ಲರೂ ಊದಿ ಶ್ರುತಿ ಸೇರಿಸಿದೆವು. ಆಮೇಲೆ ನಾನು ಸ್ನಾನ ಮಾಡಿ, ಸರಳ ಇಸ್ತ್ರಿ ಮಾಡಿಕೊಟ್ಟಿದ್ದ ರೇಷ್ಮೆ ಜುಬ್ಬಾ ಹಾಕಿಕೊಂಡೆ. ಹೊರಡುವಾಗ ಒಮ್ಮೆ, ವೇದಿಕೆ ಹತ್ತುವಾಗ ಒಮ್ಮೆ ಜೇಬು ಮುಟ್ಟಿ ನೋಡಿಕೊಂಡೆ. ಭಾರವಾಗಿ, ದುಂಡಗೆ, ಬೆಚ್ಚಗೆ ಇತ್ತು. ಸಮಾಧಾನವಾಯಿತು.

ರಚನೆ ಶುರುವಾಯಿತು. ಸಭಾಂಗಣ ಮುಕ್ಕಾಲು ತುಂಬಿತ್ತು; ಎರಡನೆಯ ಸಾಲಿನಲ್ಲಿ ಸರಳ ಮತ್ತು ಅವಳ ಚಿಕ್ಕಪ್ಪನ ಮಗ. ನಾಲ್ವರೂ ಸೊಗಸಾಗಿ ನುಡಿಸುತ್ತಿದ್ದರು. ನನ್ನ ಸರದಿಗೆ ಎರಡು ಆವರ್ತ ಇರುವಾಗ ಜೇಬಿಗೆ ಕೈ ಹಾಕಿದೆ. ಕೈಗೆ ಬಂದದ್ದು ತಲೆನೋವಿನ ಮುಲಾಮಿನ ಬಾಟಲಿ.

ಸರಳ ನನ್ನ ಮೇಲಿನ ಕಾಳಜಿಯಿಂದ ಇಟ್ಟಿದ್ದಳು. ಮೌತ್‌ಪೀಸ್ ಲಾಡ್ಜಿನ ಮೊಳೆಗೆ ನೇತುಹಾಕಿದ ರೈಲಿನ ಅಂಗಿಯ ಜೇಬಿನಲ್ಲಿತ್ತು. ನಿಜ ಹೇಳುತ್ತೇನೆ, ಮುಲಾಮಿನ ಬಾಟಲಿಯನ್ನೇ ಕೊಳವೆಗೆ ಸಿಕ್ಕಿಸಿದರೆ ಹೇಗೆ ಎಂದೂ ಯೋಚಿಸಿದೆ. ಎದ್ದು ಓಡಲೇ? ಕೆಮ್ಮು ಬಂದಂತೆ ನಟಿಸಲೇ? ಯಾವುದಕ್ಕೂ ಹೊತ್ತಿರಲಿಲ್ಲ. ನಾಲ್ವರೂ ಸ್ವರ ಹಿಡಿದು ನಿಂತುಬಿಟ್ಟರು. ಅಪ್ಪಾರಾವ್ ಓಬೋದ ಮೇಲಿಂದ ನನ್ನ ಕಡೆ ಹುಬ್ಬು ಎತ್ತಿದರು.

ನಾನು ಬಾಟಲಿಯನ್ನು ಜೇಬಿಗೆ ತುರುಕಿ ಹಾರ್ನನ್ನು ಬಾಯಿಯ ಬಳಿ ಎತ್ತಿದೆ. ಬೋಳು ತುದಿ ಯಾರಿಗೂ ಕಾಣದಂತೆ ತಲೆ ಬಗ್ಗಿಸಿದೆ. ತುಟಿ ಕೊಳವೆಯನ್ನು ಮುಟ್ಟಲಿಲ್ಲ. ಊದಲಿಲ್ಲ. ಊದುವುದಿರಲಿ, ನಾಚಿಕೆಯಿಂದ ಉಸಿರನ್ನೇ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡೆ.

ಹಾರ್ನ್ ನುಡಿಯಿತು.

ಬೇರೆ ಯಾವುದೋ ವಾದ್ಯ ಹಾರ್ನಿನ ಹಾಗೆ ಕೇಳಿತು ಅಂತಲ್ಲ. ಹಾರ್ನೇ. ಹಾರ್ನಿನವನು ಬಲಗೈಯನ್ನು ವಾದ್ಯದ ಅಗಲವಾದ ಬಾಯಿಯೊಳಗೆ ಇಟ್ಟುಕೊಂಡಿರುತ್ತಾನೆ. ನನ್ನ ಆ ಕೈಗೆ ಒಳಗಿನ ಕಂಪನ ತಾಗಿತು, ಬೆಚ್ಚಗಿನ ಗಾಳಿ ಬೆರಳ ಸಂದಿಯಿಂದ ಹಾದುಹೋಯಿತು. ಎಡಗೈ ಬೆರಳುಗಳು ಕೀಲಿಗಳ ಮೇಲೆ ಕಲ್ಲಾಗಿದ್ದವು, ಒಂದೂ ಅಲ್ಲಾಡಲಿಲ್ಲ. ಐದನೆಯ ಆವರ್ತ ಬಂತು. ಆ ಮೇಲಿನ ಸ್ವರ ದೀಪ ಹಚ್ಚಿಟ್ಟಷ್ಟು ಸಲೀಸಾಗಿ ನಿಂತಿತು. ನಾನು ಆಮೇಲೆ ಲೆಕ್ಕ ತಪ್ಪಿದೆ. ಉಸಿರು ಬಿಗಿಹಿಡಿದವನಿಗೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇನ್ನು ಆಗುವುದಿಲ್ಲ, ಬಿದ್ದೇ ಹೋಗುತ್ತೇನೆ ಎನ್ನುವಾಗ ಸಂಗೀತ ನಿಂತಿತು, ನಾನು ಬಾಯಿ ಬಿಟ್ಟು ಗಾಳಿ ಎಳೆದುಕೊಂಡೆ. ಆ ಸದ್ದು ಚಪ್ಪಾಳೆಯಲ್ಲಿ ಮುಚ್ಚಿಹೋಯಿತು.

ಆಮೇಲೆ ನಡೆದದ್ದೆಲ್ಲ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಯಾರು ಯಾರೋ ಕೈ ಕುಲುಕಿದರು. ಸರಳ ಓಡಿಬಂದು, "ಅಬ್ಬ, ಎಂಥ ಬಾಗಾ ಊದಿದ್ರಂಡಿ! ಮನೇಲಿ ಯಾಕೆ ಹೀಗೆ ಊದಲ್ಲ ನೀವು? ನೀರು ಚೆಲ್ಲೋದೊಂದೇ!" ಎಂದಳು. ನನ್ನ ಪಕ್ಕದಲ್ಲೇ ಕೂತಿದ್ದ ಬಸೂನಿನ ರತ್ನಕುಮಾರಿ ಮಾತ್ರ ಮೂಗು ಅರಳಿಸಿ, "ಸೂಪರ್ ಅಂಡಿ ಮೈಸೂರುಗಾರು. ಆದ್ರೆ, ಮುಲಾಮು ವಾಸನೆ ಬರ್ತಿದೆ, ತಲೆನೋವಾ?" ಎಂದಳು. ನಾನು ಕುಂಬಳಕಾಯಿ ಕಳ್ಳನ ಹಾಗೆ ಜೇಬು ಮುಟ್ಟಿಕೊಂಡೆ. ಅಪ್ಪಾರಾವ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

ಲಾಡ್ಜಿಗೆ ಹೋಗಿ ಅಂಗಿಯ ಜೇಬು ನೋಡಿದೆ. ಮೌತ್‌ಪೀಸ್ ಅಲ್ಲೇ ಇತ್ತು, ಬೆಚ್ಚಗಿತ್ತು. ವಿಜಯವಾಡದ ಸೆಕೆಗೆ ಏನು ತಾನೇ ಬೆಚ್ಚಗಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಸಭಾಂಗಣದ ಕಾವಲುಗಾರನನ್ನು ಹಿಡಿದು ವೇದಿಕೆಯ ಹಿಂದೆಲ್ಲ ಹುಡುಕಾಡಿದೆ. ಮುರಿದ ಕುರ್ಚಿಗಳು ಬಿಟ್ಟರೆ ಏನೂ ಇರಲಿಲ್ಲ. ಸರಳಳ ಚಿಕ್ಕಪ್ಪನ ಮಗ ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಂಡಿದ್ದ. ಅದರಲ್ಲಿ ನಾನು ತಲೆ ಬಗ್ಗಿಸಿ ಕೂತಿದ್ದೇನೆ, ಹಾರ್ನ್ ಹಾಡುತ್ತಿದೆ. ನೋಡಿದವರಿಗೆ ನಾನೇ ಊದುತ್ತಿದ್ದೇನೆ ಅನ್ನಿಸುತ್ತದೆ. ಮನೆಗೆ ಬಂದು ಮೌತ್‌ಪೀಸ್ ಇಲ್ಲದೆ ತುಟಿ ಒತ್ತಿ ಊದಿ ನೋಡಿದೆ. ಬಂದದ್ದು ಮೂಗು ಸೀನಿದಂಥ ಸದ್ದು. ಸರಳ ಅಡುಗೆಮನೆಯಿಂದ ಬೇರೆ ಏನನ್ನೋ ಅನುಮಾನಿಸಿ ಕಿಟಕಿ ತೆರೆದಳು.

ಕುರ್ಚಿ ನನ್ನದೇ ಉಳಿಯಿತು. ಹೈದರಾಬಾದಿನವನಿಗೆ ಬರಬೇಡ ಎಂದು ಹೇಳಿದರು. ಆದರೆ ಆ ಕುರ್ಚಿಯ ಮೇಲೆ ಕೂತಾಗೆಲ್ಲ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ ನನ್ನದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಭ್ಯಾಸದಲ್ಲಿ ಸ್ವರ ಹಳೆಯ ಹಾಗೆಯೇ ಒಡೆಯುತ್ತಿತ್ತು. ಅಪ್ಪಾರಾವ್ ಈಗ ನಗುತ್ತಿದ್ದರು. "ಪರವಾಗಿಲ್ಲಂಡಿ, ನಿಮ್ಮ ಕೈಲಿ ಆಗ್ತದೆ ಅಂತ ನಂಗೆ ಗೊತ್ತದಲ್ಲ." ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಹೊಟ್ಟೆಕಿಚ್ಚು. ನನ್ನದೇ ಹಾರ್ನ್, ನನ್ನ ಕೈಯಲ್ಲೇ ಇದ್ದುಕೊಂಡು, ನಾನು ಬಾಯಿ ಮುಚ್ಚಿದಾಗ ನನಗಿಂತ ಚೆನ್ನಾಗಿ ಹಾಡಿತಲ್ಲ!

ನಾಲ್ಕು ತಿಂಗಳು ತಡೆದೆ. ಒಂದು ಮಧ್ಯಾಹ್ನ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅಪ್ಪಾರಾವ್ ಎದುರು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಮುಲಾಮಿನ ಬಾಟಲಿಯನ್ನೂ ಬಿಡಲಿಲ್ಲ. ಹೈದರಾಬಾದಿನವನನ್ನು ಕರೆಸಿಕೊಳ್ಳಿ ಎಂದೂ ಹೇಳಿದೆ. ಅವರು ನಗುತ್ತಾರೆ ಅಥವಾ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ ಅಂಚು ಹರಿದ ಒಂದು ಹಳೆಯ ಸ್ವರಪುಸ್ತಕ ತಂದರು.

"ನೀವು ಆವತ್ತು ಎಷ್ಟು ಆವರ್ತ ಊದಿದ್ರಿ, ಎಣಿಸಿದ್ರೇನು?"

"ನಾನು ಊದಲೇ ಇಲ್ಲ ಅಂತ ಹೇಳ್ತಾ ಇದೀನಲ್ಲ ಸರ್."

"ಆಯ್ತು. ಅದು ಎಷ್ಟು ಊದ್ತು?"

ಸರಳಳ ಚಿಕ್ಕಪ್ಪನ ಮಗ ಎಲ್ಲರಿಗೂ ಕಳಿಸಿದ್ದ ಆ ವಿಡಿಯೊವನ್ನು ಅವರು ತಮ್ಮ ಫೋನಿನಲ್ಲಿ ಹಾಕಿದರು. ಇಬ್ಬರೂ ಬೆರಳು ಮಡಿಸುತ್ತಾ ಕೂತೆವು. ಎಂಟು ಮುಗಿಯಿತು, ಹಾರ್ನ್ ನಿಲ್ಲಲಿಲ್ಲ. ಒಂಬತ್ತನೆಯದೊಂದು ಇತ್ತು. ಅಷ್ಟು ಸಲ ಕೇಳಿಸಿಕೊಂಡಿದ್ದರೂ ನಾನು ಎಣಿಸಿರಲೇ ಇಲ್ಲ. ಉಳಿದ ನಾಲ್ವರು ಹಿಡಿದ ಸ್ವರ ಬಿಡದೆ ಕಾದಿದ್ದು ಸ್ಪಷ್ಟವಾಗಿ ಕೇಳುತ್ತದೆ. ಅಪ್ಪಾರಾವ್ ಪುಸ್ತಕ ಬಿಚ್ಚಿ ತೋರಿಸಿದರು. ಹಾರ್ನಿನ ಎಂಟು ಆವರ್ತದ ಕೆಳಗೆ ಒಂಬತ್ತನೆಯದನ್ನು ಬರೆದು, ಮಸಿಯಿಂದ ಹೊಡೆದುಹಾಕಿದ್ದರು. ಹೊಡೆದದ್ದರ ಒಳಗಿನ ಸ್ವರಗಳು ಇನ್ನೂ ಓದುವಂತಿದ್ದವು. ಫೋನಿನಲ್ಲಿದ್ದದ್ದು ಅವೇ.

"ಬರೆದ ವಾರದಾಗೇ ತೆಗೆದುಹಾಕ್ದೆ. ಎಂಟು ಊದಿದ ಮ್ಯಾಲೆ ಒಂದೇ ಉಸಿರಿನಾಗೆ ಮತ್ತೆ ಅಷ್ಟು ದೂರ ಯಾರಿಂದ್ಲೂ ಆಗಲ್ಲ ಅಂತ. ಈ ಪುಸ್ತಕ ಯಾರಿಗೂ ತೋರ್ಸಿಲ್ಲ. ಆವತ್ತು ನೀವು ಎಲ್ಲೋ ನೋಡಿ ಕಲ್ತೀರಿ ಅನ್ಕೊಂಡೆ. ಕೇಳಕ್ಕೆ ಬಾಯೇ ಬರ್ಲಿಲ್ಲ ನಂಗೆ."

ನಾನು ಹಾರ್ನನ್ನು ಪೆಟ್ಟಿಗೆಗೆ ಹಾಕಿ, "ಹಾಗಾದ್ರೆ ನನ್ನ ಕುರ್ಚಿ?" ಎಂದು ಕೇಳಿದೆ.

ಅವರು ಪುಸ್ತಕ ಮುಚ್ಚಿದರು. "ಕುರ್ಚಿ ನಿಮ್ದೇರಿ. ಎಂಟು ಆವರ್ತ ನೀವು ಊದ್ರಿ, ಒಡೆದ್ರೆ ಒಡೀಲಿ. ಒಂಬತ್ತನೇದಕ್ಕೆ ಮಾತ್ರ ಕೈ ಹಾಕ್ಬ್ಯಾಡ್ರಿ. ಅದಕ್ಕೇ ಬಿಟ್ಟು ಕೊಡ್ರಿ."

ಅಂದಿನಿಂದ ಹಾಗೆಯೇ ನಡೆದಿದೆ. ಎಂಟು ಆವರ್ತ ನಾನು ಊದುತ್ತೇನೆ. ಐದನೆಯದರಲ್ಲಿ ಒಮ್ಮೆ ನಿಲ್ಲುತ್ತದೆ, ಒಮ್ಮೆ ಎಮ್ಮೆ ಕೂಗುತ್ತದೆ. ಎಂಟು ಮುಗಿದ ಮೇಲೆ ನಾಲ್ವರೂ ತಮ್ಮ ಸ್ವರ ಹಿಡಿದೇ ಇರುತ್ತಾರೆ, ನಾನು ಹಾರ್ನನ್ನು ಕೆಳಗಿಳಿಸದೆ ತುಟಿಯಿಂದ ಒಂದು ಬೆರಳು ದೂರ ಹಿಡಿದು ಕಾಯುತ್ತೇನೆ. ಒಂದು ಆವರ್ತ. ಕೇಳುಗರು ಹಾರ್ನಿನ ಆ ಮೌನವನ್ನೇ ಹೆಚ್ಚು ಹೊಗಳುತ್ತಾರೆ, ಅದರಲ್ಲಿ ಏನೋ ತತ್ವವಿದೆಯಂತೆ. ಇದುವರೆಗೆ ಅದರಲ್ಲಿ ಏನೂ ಕೇಳಿಬಂದಿಲ್ಲ. ಬಾರದಿದ್ದರೆ ಅಂದು ಊದಿದ್ದು ನಾನಲ್ಲ ಎಂಬುದು ನನ್ನ ಹುಚ್ಚು ಎಂದಾಗುತ್ತದೆ, ಬಂದರೆ ಹಾರ್ನಿಗೆ ನಾನೇ ಬೇಡ ಎಂದಾಗುತ್ತದೆ. ಆದರೂ ಪ್ರತಿ ಸಲ ಆ ಹೊತ್ತಿಗೆ ನನ್ನ ಬಲಗೈ, ಒಳಗೆ ಏನಾದರೂ ಬೆಚ್ಚಗಾಗುತ್ತಿದೆಯೇ ಎಂದು ತಡವುತ್ತಿರುತ್ತದೆ.