ಪೊಟ್ಟಣದ ಮೇಲಿನ ಮುಖ

ಕೆಂಗೇರಿ ಉಪನಗರದ ವಿಮಲಮ್ಮನಿಗೆ ದೇವರೆಂದರೆ ಭಯವೂ ಹೆಚ್ಚು, ಭಕ್ತಿಯೂ ಹೆಚ್ಚು. ದೇವರ ಚಿತ್ರವಿರುವ ಕ್ಯಾಲೆಂಡರನ್ನು ವರ್ಷ ಮುಗಿದರೂ ರದ್ದಿಗೆ ಹಾಕುವವರಲ್ಲ. ಮದುವೆ ಕರೆಯೋಲೆಯ ಮೂಲೆಯಲ್ಲಿ ಪುಟ್ಟ ಗಣಪತಿ ಇದ್ದರೂ ಕತ್ತರಿಸಿ ತೆಗೆದಿಡುತ್ತಾರೆ. ಇವೆಲ್ಲ ಸೇರಿ ಒಂದು ಚೀಲ ತುಂಬಿದಾಗ ಹಳೇ ಕೆಂಗೇರಿಯ ಅರಳಿಕಟ್ಟೆಗೆ ಹೋಗಿ, ಇಟ್ಟು, ಕೈ ಮುಗಿದು ಬರುತ್ತಾರೆ. ಅಂದು ಅವರಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ. ಇಂಥ ಹೆಂಗಸು ಒಂದು ಮುಖವನ್ನು ಊರಿನವರ ಕಾಲಡಿಗೆ ಹಾಕಿದ್ದು ಹೇಗೆ ಅನ್ನುವುದೇ ಈ ಕಥೆ.

ಉಪನಗರ ಏಳುವ ಮೊದಲು ಅಲ್ಲಿ ಅವರ ಮಾವನ ಹೊಲವಿತ್ತು. ಹೊಲ ಸೈಟುಗಳಾಗಿ ಹೋಯಿತು. ಉಳಿದದ್ದು ಒಂದು ಮನೆ ಮತ್ತು ಅತ್ತೆ ಕಲಿಸಿದ ಹುಚ್ಚೆಳ್ಳು ಚಟ್ನಿಪುಡಿ. ಗಂಡ ತೀರಿಕೊಂಡ ಮೇಲೆ ಸುಮ್ಮನೆ ಕೂರಲಾರದೆ ವಿಮಲಮ್ಮ ಪುಡಿ ಮಾಡಿ ಅಕ್ಕಪಕ್ಕದವರಿಗೆ ಹಂಚಿದರು. ತಿಂದವರು ಮತ್ತೆ ಕೇಳಿಕೊಂಡು ಬಂದರು. ಮಗ ಅರುಣ್ ಕುಮಾರ್ ತನ್ನ ಕೆಲಸದ ಜೊತೆಗೆ ಇದನ್ನೂ ಹಚ್ಚಿಕೊಂಡ. ನೆಲಮಹಡಿ ತೆರವಾಗಿ ಪುಡಿ ಮಾಡುವ ಕೋಣೆಯಾಯಿತು, ಹುರಿಯುವ ಕೆಲಸಕ್ಕೆ ಕಲಾವತಿ ಬಂದಳು.

ಕಲಾವತಿ ಯಲ್ಲಾಪುರದ ಕಡೆಯ ಸಿದ್ದಿ. ಅವಳ ಹಿರೀಕರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಅವಳಿಗೆ ಗೊತ್ತಿರುವುದು ಯಲ್ಲಾಪುರದ ಹತ್ತಿರದ ತನ್ನ ಊರು ಮತ್ತು ಈಗ ಗಂಡ ಫಕೀರೇಶನ ಜೊತೆ ಇರುವ ಬಾಪೂಜಿ ನಗರ, ಅಷ್ಟೇ. ಆದರೂ ಬಸ್ಸಿನಲ್ಲಿ ಜನ ಅವಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅವಳು ಕನ್ನಡದಲ್ಲಿ "ಸ್ವಲ್ಪ ಸರೀರಿ" ಎಂದರೆ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಮನೆಗೆ ಬಂದವರಿಗೆಲ್ಲ ವಿಮಲಮ್ಮ, "ನೋಡೋಕೆ ಹಂಗೆ, ನಮ್ಮ ಕರ್ನಾಟಕದವಳೇ ಕಣ್ರೀ" ಎಂದು, ತಾವೇ ಪತ್ತೆ ಹಚ್ಚಿದವರ ಹಾಗೆ ಹೇಳಿಕೊಳ್ಳುತ್ತಿದ್ದರು. ಕಲಾವತಿ ಬಾಯಿ ತುಂಬ ನಗುವವಳು. ಅವಳು ಕೆಳಗೆ ನಕ್ಕರೆ ಮೇಲಿನ ಮನೆಗೆ ಕೇಳಿಸುತ್ತಿತ್ತು.

ಪುಡಿಗೆ ಮನೆದೇವರಾದ ಕರಿಯಮ್ಮನ ಹೆಸರನ್ನೇ ಇಟ್ಟರು. ಪೊಟ್ಟಣ ಅಚ್ಚು ಹಾಕಿಸಲು ತಾಯಿ ಮಗ ರಾಜಾಜಿನಗರದ ಪ್ರೆಸ್ಸಿಗೆ ಹೋದಾಗ ಅದರ ಮಾಲೀಕ ಸಿದ್ದಲಿಂಗೇಶ್, "ಹೆಸರೇನೋ ಸರಿ ಅಮ್ಮಾ, ಅಮ್ಮನವರ ಚಿತ್ರ ಹಾಕ್ಲಾ?" ಎಂದು ಕೇಳಿದ.

"ಅಯ್ಯೋ, ಬೇಡಪ್ಪ. ಜನ ಪುಡಿ ತಿಂದು ಪೊಟ್ಟಣ ಮೋರಿಗೆ ಎಸೀತಾರೆ. ಕಾಲಿಗೆ ಸಿಗುತ್ತೆ."

"ಒಂದು ಮುಖ ಇದ್ರೆ ಕಣ್ಣಿಗೆ ಬೀಳುತ್ತೆ ಅಮ್ಮಾ."

ವಿಮಲಮ್ಮ ಮಗನ ಫೋನು ತೆಗೆದುಕೊಂಡು, ಬಾಣಲೆಯ ಮುಂದೆ ನಿಂತು ನಗುತ್ತಿದ್ದ ಕಲಾವತಿಯ ಫೋಟೊ ತೋರಿಸಿದರು. "ಇವಳದ್ದು ಹಾಕು." ಪ್ರೆಸ್ಸಿನ ಹುಡುಗರು ಅದನ್ನು ಕಾರ್ಟೂನು ಮಾಡಿದರು. ತುಟಿ ಇದ್ದದ್ದಕ್ಕಿಂತ ದಪ್ಪವಾಯಿತು, ಕಣ್ಣು ಗುಂಡಗೆ ಹೊರಳಿತು, ಮುಖ ಬಾಣಲೆಯ ತಳದಷ್ಟು ಕಪ್ಪಾಗಿ ಹಲ್ಲು ಮಾತ್ರ ಬಿಳಿಯಾಗಿ ಉಳಿಯಿತು. ಅದನ್ನು ನೋಡಿ ವಿಮಲಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಲಾವತಿಯನ್ನು ಒಂದು ಮಾತು ಕೇಳಬೇಕೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಪೊಟ್ಟಣಗಳು ಬಂದ ದಿನ ಕಲಾವತಿ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಯಾರ್ರಿ ಅಮ್ಮಾ?"

"ನೀನೇ ಕಣೇ!"

ಅವಳೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ವಿಮಲಮ್ಮ ಅದನ್ನು ನಾಚಿಕೆ ಅಂದುಕೊಂಡರು.

ಪುಡಿ ಚೆನ್ನಾಗಿ ಹೋಗತೊಡಗಿತು. ಹೀಗಿರುವಾಗ ಎದುರಿನ ಅಪಾರ್ಟ್‌ಮೆಂಟಿನ ಸ್ಮೃತಿ ಎಂಬ ಕಾಲೇಜು ಹುಡುಗಿ ಪೊಟ್ಟಣದ ಫೋಟೊ ತೆಗೆದು, ಇದು ಒಂದು ಜನಾಂಗವನ್ನು ಗೇಲಿ ಮಾಡುವ ಚಿತ್ರ ಎಂದು ಇನ್‌ಸ್ಟಾಗ್ರಾಮಿನಲ್ಲಿ ಬರೆದಳು. ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಳ್ಳೇ ಗ್ರಾಸವಾಯಿತು. ಕಪ್ಪು ಪುಡಿಗೆ ಕಪ್ಪು ಮುಖ ಹಾಕದೆ ಇನ್ನೇನು ಹಾಕಬೇಕಿತ್ತು ಎಂದು ಒಬ್ಬರು ಕೇಳಿದರು. ಹಾಗಾದರೆ ಕೊಬ್ಬರಿ ಪುಡಿಗೆ ನಿಮ್ಮ ಮುಖ ಹಾಕಲೇ ಎಂದು ಇನ್ನೊಬ್ಬರು ತಿರುಗಿಸಿ ಕೇಳಿದರು. ಕರಿಯಮ್ಮ ದೇವಿಯ ಹೆಸರು, ಈಗಿನವರಿಗೆ ಏನು ಗೊತ್ತು ಎಂದು ಹಿರಿಯರು ಗರಂ ಆದರು. ಇಷ್ಟೆಲ್ಲ ಮಾತಾಡಿದವರಲ್ಲಿ ಒಬ್ಬರೂ ಕಲಾವತಿಯನ್ನು ಮಾತಾಡಿಸಲಿಲ್ಲ.

ಸ್ಮೃತಿ ಮಾತ್ರ ಮನೆಗೇ ಬಂದಳು. ಕಲಾವತಿ ಒಲೆಯ ಮುಂದಿದ್ದಳು.

"ಆಂಟಿ, ದೇವಿ ಹೆಸರು ಅಂತೀರ. ಹಾಗಾದ್ರೆ ದೇವಿ ಚಿತ್ರಾನೇ ಹಾಕ್ಬಹುದಿತ್ತಲ್ಲ?"

ಈ ಪ್ರಶ್ನೆಗೆ ವಿಮಲಮ್ಮನ ಹತ್ತಿರ ಉತ್ತರ ಸಿದ್ಧವಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. "ಎಲ್ಲಾದ್ರೂ ಉಂಟಾ? ಪೊಟ್ಟಣ ಬೀದೀಲಿ ಬೀಳುತ್ತೆ, ಜನ ತುಳೀತಾರೆ. ದೇವರ ಮುಖ ತುಳಿಸೋಕಾಗುತ್ತೇನಮ್ಮ?"

ಹುಡುಗಿ ಕಲಾವತಿಯ ಕಡೆ ನೋಡಿದಳು. ಅವಳು ತಲೆಯೆತ್ತದೆ ಹುಚ್ಚೆಳ್ಳು ಕೈಯಾಡಿಸುತ್ತಲೇ ಇದ್ದಳು. ಆಗ ವಿಮಲಮ್ಮನಿಗೆ ತಾವು ಆಡಿದ್ದು ತಮಗೇ ಕೇಳಿಸಿತು. ಮೇಲೆ ಹಾಲು ಕಾಯಲು ಇಟ್ಟಿದ್ದೇನೆ ಎಂದು ಮಹಡಿ ಹತ್ತಿದರು, ಹಾಲೇನೂ ಇರಲಿಲ್ಲ.

ಅಷ್ಟಕ್ಕೇ ಎಚ್ಚೆತ್ತುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಅರುಣನಿಗೆ ಪುಡಿಯ ಹೆಸರು ಕೆಡುತ್ತದೆಂಬ ದಿಗಿಲು. ಕಲಾವತಿಯೇ ತನಗೆ ಬೇಜಾರಿಲ್ಲ ಎಂದು ವಿಡಿಯೊದಲ್ಲಿ ಹೇಳಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದ. "ನೀನು ಹೇಳಿದ್ರೆ ಅವಳು ಇಲ್ಲ ಅನ್ನಲ್ಲ ಅಮ್ಮಾ." ಅದು ನಿಜವಾಗಿತ್ತು, ಕೆಟ್ಟದ್ದೂ ಅದೇ. ವಿಮಲಮ್ಮ ಹೇಳಿದರು, ಅವಳು ಇಲ್ಲ ಅನ್ನಲಿಲ್ಲ. ಫೋನಿನ ಮುಂದೆ ನಿಂತಾಗ ಕಲಾವತಿಯ ಕೈ ತಾನಾಗಿ ಬಾಯಿಗೆ ಹೋಯಿತು. ಅರುಣ ತಾಯಿಯ ಕಡೆ ನೋಡಿದ.

"ಕೈ ತೆಗಿ ಕಲಾ," ಎಂದರು ವಿಮಲಮ್ಮ.

ಅವಳು ತೆಗೆದಳು. "ನಂಗೆ ಬೇಜಾರಿಲ್ರಿ," ಎಂದಳು.

ವಿಡಿಯೊ ಎಲ್ಲ ಕಡೆ ಓಡಾಡಿ ಗಲಾಟೆ ತಣ್ಣಗಾಯಿತು, ಪುಡಿ ಇನ್ನೂ ಜೋರಾಗಿ ಹೋಯಿತು. ವಿಮಲಮ್ಮನಿಗೆ ಮಾತ್ರ ಪೂಜೆಗೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಕುಂಕುಮ ಇಡಲು ಹೋದರೆ ಕರಿಯಮ್ಮನ ಪಟದಲ್ಲೂ ದಪ್ಪ ತುಟಿ, ಬಿಳಿ ಹಲ್ಲು. ತಪ್ಪು ಮಾಡಿದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಮಗನಿಗೆ ಹೇಳುವ ಧೈರ್ಯವಿರಲಿಲ್ಲ, ಕಲಾವತಿಗೆ ಹೇಳುವ ಮುಖವಿರಲಿಲ್ಲ. ಅಷ್ಟರಲ್ಲಿ ಪೊಟ್ಟಣಗಳು ಮುಗಿಯುತ್ತ ಬಂದವು. ಅದೇ ಚಿತ್ರ ಮತ್ತೆ ಅಚ್ಚಿಗೆ ಕೊಡುತ್ತೇನೆ, ಸಂಜೆಯೊಳಗೆ ಹೂಂ ಅನ್ನು ಎಂದು ಅರುಣ ಫೋನು ಮಾಡಿದ.

ಆ ಸಂಜೆ ವಿಮಲಮ್ಮ ಹೂವು ತರುವ ನೆಪದಲ್ಲಿ ಕಲಾವತಿಯ ಜೊತೆ ಬಸ್ ಸ್ಟಾಪಿನವರೆಗೆ ನಡೆದರು. ಹೇಗಾದರೂ ಮಾತು ತೆಗೆಯಬೇಕೆಂದಿದ್ದರು, ಆಡಿದ್ದೆಲ್ಲ ಹೂವಿನ ಬೆಲೆಯ ಮಾತು. ಸ್ಟಾಪಿನ ಹತ್ತಿರ ಚಪ್ಪಲಿಯ ಕೆಳಗೆ ಏನೋ ಸರಕ್ಕೆಂದಿತು. ಕಾಲೆತ್ತಿ ನೋಡಿದರೆ ಖಾಲಿ ಪೊಟ್ಟಣ. ಕಲಾವತಿಯ ನಗುವಿನ ಮೇಲೆ ಅವರದೇ ಚಪ್ಪಲಿಯ ಅಚ್ಚು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ತಟ್ಟನೆ ಬಗ್ಗಿ, ಪೊಟ್ಟಣ ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಕೈ ಎತ್ತಿದರು.

"ಬಿಡ್ರಿ ಅಮ್ಮಾ," ಎಂದಳು ಕಲಾವತಿ. "ದೇವರದ್ದಲ್ಲ ಅದು. ನಂದು."

ಆ ದನಿಯಲ್ಲಿ ಕೋಪವಿರಲಿಲ್ಲ. ವಯಸ್ಸಾದವರು ಸುಮ್ಮನೆ ಬಗ್ಗಿ ಸೊಂಟ ನೋಯಿಸಿಕೊಳ್ಳಬಾರದು ಎಂಬಂತೆ ಹೇಳಿದ್ದಳು. ಬಸ್ಸು ಬಂತು, ಅವಳು ಹತ್ತಿಹೋದಳು. ವಿಮಲಮ್ಮ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತರು. ಹೂವು ಮರೆತೇ ಹೋಯಿತು.

ಅಲ್ಲಿಂದಲೇ ಮಗನಿಗೆ ಫೋನು ಮಾಡಿದರು. "ಮುಖ ಬೇಡ. ಬರೀ ಹೆಸರು ಸಾಕು. ಆ ವಿಡಿಯೊನೂ ತೆಗಿ."

"ಅಮ್ಮಾ, ಈಗ ಜನ ಆ ಮುಖ ನೋಡೇ ತಗೋತಾರೆ."

"ಮುಖ ಯಾರದೋ? ಅವಳನ್ನ ಕೇಳಿದ್ವೇನೋ?"

ಅರುಣ ಏನೇನೋ ಹೇಳಿದ. ವಿಮಲಮ್ಮ ಪಟ್ಟು ಬಿಡಲಿಲ್ಲ.

ಮರುದಿನ ಒಲೆಯ ಪಕ್ಕ ನಿಂತು, "ತಪ್ಪಾಯ್ತು ಕಲಾ. ನಿನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಆಮೇಲೆ ಸುಳ್ಳು ಬೇರೆ ಹೇಳಿಸ್ದೆ" ಎಂದರು. ಕಲಾವತಿ ಉರಿ ಸಣ್ಣ ಮಾಡಿದಳು. "ಆಗ್ಲಿ ಬಿಡ್ರಿ ಅಮ್ಮಾ," ಎಂದು ಮತ್ತೆ ಕೈಯಾಡಿಸಿದಳು. ಉಳಿದ ಪೊಟ್ಟಣಗಳನ್ನು ವಿಮಲಮ್ಮ ಒಂದು ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದಾರೆ. ಕಸಕ್ಕೆ ಹಾಕಲು, ಸುಡಲು ಮನಸ್ಸು ಬರಲಿಲ್ಲ. ಅರಳಿಕಟ್ಟೆಯಲ್ಲಿ ಇಟ್ಟುಬರಲು ಅವೇನು ದೇವರ ಪಟಗಳಲ್ಲ.

ಈಗ ಬರುವ ಪೊಟ್ಟಣದಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ. ಮೊನ್ನೆ ಒಣಮೆಣಸಿನಕಾಯಿ ಘಾಟಿಗೆ ವಿಮಲಮ್ಮ ಜೋರಾಗಿ ಸೀನಿದರು, ಕನ್ನಡಕ ಹಾರಿ ಹುಚ್ಚೆಳ್ಳಿನ ರಾಶಿಯಲ್ಲಿ ಹೂತುಹೋಯಿತು. ಕಲಾವತಿಗೆ ನಗು ತಡೆಯಲಾಗಲಿಲ್ಲ. ಮೇಲಿನ ಮನೆಗೆ ಕೇಳಿಸುವಂಥ ಆ ಹಳೇ ನಗು ಬಂತು ಎಂದುಕೊಂಡು ವಿಮಲಮ್ಮ ಆಸೆಯಿಂದ ತಿರುಗಿ ನೋಡಿದರು. ಅವಳ ಕೈ ಆಗಲೇ ಬಾಯಿ ಮುಚ್ಚಿತ್ತು.