ಗಡಬಡಿ ಇಲ್ಲದ ಟೇಲರ್

ಪಕ್ಕದ ಮನೆಯ ಟೇಲರ್ ಕೊಲ್ಹಾಪುರದಿಂದ ಹಳೆಯ ಮಡಚುವ ಸೈಕಲ್ ತಂದದ್ದು ಆರುನೂರು ರೂಪಾಯಿಗೆ. ಆಗ ಆ ದುಡ್ಡಿಗೆ ಹೊಸದೇ ಬರುತ್ತಿತ್ತು. ಆದರೆ ಇದನ್ನು ಬಸ್ಸಿನ ಸೀಟಿನ ಕೆಳಗೆ ತುರುಕಿದರೆ ಲಗೇಜ್ ಚಾರ್ಜು ಉಳಿಯುತ್ತದೆ; ವ್ಯಾಪಾರ ಕೆಟ್ಟದ್ದೇನಲ್ಲ.

ಎಂಬತ್ತರ ದಶಕದ ಒಂದು ಭಾನುವಾರ ಸದಲಗಾದಲ್ಲಿ ನನಗೆ ಹೆಣ್ಣು ನೋಡುವುದಿತ್ತು. ಚಿಕ್ಕೋಡಿಯಿಂದ ಇಬ್ಬರೂ ನಮ್ಮ ನಮ್ಮ ಸೈಕಲ್ ಮೇಲೆ ಹೊರಟೆವು. ರಜೆಯಲ್ಲೂ ಕೊರಳಿನ ಟೇಪು ಇಳಿಸದ ಅವರು, "ಗಡಬಡಿ ಯಾಕೋ ತಮ್ಮಾ?" ಎನ್ನುತ್ತ ಖಾರದ ಮಿಸಳ್ ತಿನ್ನಲು ಅಂಗಡಿಗೆ ಇಳಿದರು, ಹೊಳೆ ನೋಡಲು ಇಳಿದರು, ಬೆಲ್ಲದ ಗಾಣಕ್ಕೂ ಇಳಿದರು. ಗಾಣದವರು ದಾರಿಹೋಕರ ಬಾಯಿ ಸಿಹಿ ಮಾಡದೆ ಬಿಡುವುದಿಲ್ಲ. ಬಿಸಿಬೆಲ್ಲ, ಕಬ್ಬಿನಹಾಲು, ಮತ್ತೆ ಬಿಸಿಬೆಲ್ಲ.

ಹುಡುಗಿ ಉಪ್ಪಿಟ್ಟು ತಂದಿಟ್ಟಾಗ ನನಗೆ ಒಂದು ತುತ್ತೂ ಇಳಿಯಲಿಲ್ಲ. ಉಪ್ಪಿಟ್ಟು ಮುಟ್ಟದಿದ್ದರೆ ಹುಡುಗಿ ಒಪ್ಪಿಗೆಯಿಲ್ಲ ಎಂದೇ ಲೆಕ್ಕ. ಅವಳ ತಂದೆಯ ಮುಖ ಸಣ್ಣದಾಯಿತು. ನನಗೋ ಹುಡುಗಿ ಬಹಳ ಹಿಡಿಸಿದ್ದಳು.

ಟೇಲರ್ ಎದ್ದು, ಮೂಲೆಯಲ್ಲಿ ಮಡಚಿಟ್ಟಿದ್ದ ತಮ್ಮ ಸೈಕಲ್ ಬಿಡಿಸಿ ನನ್ನ ಮುಂದಿಟ್ಟರು. "ಗಡಬಡಿ ಯಾಕ್ರಿ ಮಾವಾರ? ಗಾಣದಾಗ ಬೆಲ್ಲ ತಿಂದು ಹುಡುಗನ ಹೊಟ್ಟಿ ತುಂಬೈತಿ ಅಷ್ಟ. ಒಂದ್ ರೌಂಡ್ ಹೊಡದ್ ಬರ್ಲಿ, ತಾಟ ಅಲ್ಲೇ ಇರ್ಲಿ."

ಒಳಗಿನಿಂದ ಹುಡುಗಿ, "ಆರಿದ್ರ ಬಿಸಿ ಮಾಡ್ತೀನಂತ ಹೇಳ್ರಿ" ಎಂದಳು.

ಹೊಳೆಯತನಕ ಹೋಗಿ ಬಂದು ಎರಡು ತಾಟು ತಿಂದೆ. ಇವತ್ತಿಗೂ ಅವಳ ಕೈಯ ಉಪ್ಪಿಟ್ಟೇ ತಿನ್ನುತ್ತಿದ್ದೇನೆ.

ಹೆಣ್ಣು ನೋಡಲು ಹೋಗುವವರೇ, ಗಾಣವನ್ನು ವಾಪಸು ಬರುವ ದಾರಿಗೆ ಇಟ್ಟುಕೊಳ್ಳಿ. ಆದರೆ ಜೊತೆಗೆ ಮಾತ್ರ ಗಡಬಡಿ ಇಲ್ಲದವರನ್ನೇ ಕರೆದೊಯ್ಯಿರಿ.